ಇಲ್ಲದ ಮನೆಯ ಬಾಗಿಲು

ನಾಲ್ಕು ಗಂಟೆಗೆ ಆಸ್ಪತ್ರೆಯ ಪಂಪುಗಳನ್ನು ನಮ್ಮ ಕಂಪನಿಯ ಹೊಸ ಸರ್ವರಿಗೆ ಜೋಡಿಸಬೇಕಿತ್ತು. ಮೂರೂ ಇಪ್ಪತ್ತಕ್ಕೆ ನನ್ನ ತಪ್ಪು ನನ್ನ ಕಣ್ಣಿಗೇ ಬಿತ್ತು.

ರೋಗಿಗಳ ಮೈಗೆ ಹನಿಹನಿಯಾಗಿ ಔಷಧಿ ಹರಿಸುವ ಪಂಪುಗಳವು. ಎಷ್ಟು ಹನಿ ಹರಿಯಬೇಕೆಂದು ಅವಕ್ಕೆ ಹೇಳುವ ಆ ಸರ್ವರನ್ನು ಹೊರಗಿನವರು ಮುಟ್ಟುವಂತಿರಬಾರದು. ಅದಕ್ಕೆಂದೇ ನಾನು ಬರೆದ ಟೆಸ್ಟ್ ಪ್ರೋಗ್ರಾಂ ದಿನವೂ ಬೆಳಿಗ್ಗೆ ತಾನಾಗಿ ಓಡಿ, ಹೊರಗಿನಿಂದ ಸಂಪರ್ಕಿಸಲು ನೋಡುತ್ತದೆ. ಸಂಪರ್ಕ ಸಿಗದಿದ್ದರೆ ಹಸಿರು, ಸಿಕ್ಕರೆ ಕೆಂಪು. ಮೂರು ತಿಂಗಳಿಂದಲೂ ಹಸಿರು. ಆ ಪಂಪುಗಳಿರುವ ವಾರ್ಡಿನಲ್ಲೇ ನರ್ಸಾಗಿರುವ ಅಕ್ಕ, "ಇನ್ಮೇಲೆ ನಿನ್ನ ಹಸಿರು ನಂಬ್ಕೊಂಡೇ ನಾನು ಪಂಪ್ ಮುಟ್ಟೋದು ಕಣೇ" ಎಂದು ಬೆಳಿಗ್ಗೆ ತಾನೇ ಛೇಡಿಸಿದ್ದಳು.

ಟೆಸ್ಟಿನಲ್ಲಿ ಸರ್ವರಿನ ವಿಳಾಸದ ಒಂದು ಅಂಕಿ ತಪ್ಪಿತ್ತು. ಆ ವಿಳಾಸದಲ್ಲಿ ಏನೂ ಇರಲೇ ಇಲ್ಲ. ಇಲ್ಲದ ಮನೆಯ ಬಾಗಿಲು ತಟ್ಟಿ, ಬೀಗ ಭದ್ರವಾಗಿದೆ ಎಂದು ದಿನವೂ ವರದಿ ಕೊಟ್ಟಿದ್ದೆ.

ಟೆಸ್ಟ್ ಬರೆದ ಮೇಲೆ ಬೇಕಂತಲೇ ಒಮ್ಮೆ ಕೆಂಪು ಮಾಡಿ ನೋಡಬೇಕು, ಆಮೇಲೆ ನಂಬಬೇಕು. ನಾನು ಪ್ರೋಗ್ರಾಂ ಬರೆಯಲು ಕಲಿತ ಸಂಜೆ ತರಗತಿಯ ಮೇಷ್ಟ್ರು ಹೇಳಿಕೊಟ್ಟ ಮೊದಲ ಪಾಠ ಅದು. ಉಳಿದೆಲ್ಲ ಟೆಸ್ಟುಗಳಿಗೂ ಮಾಡಿದ್ದೆ. ಸಂಪರ್ಕ ಸಿಗದಿರುವುದೇ ಬೇಕಾಗಿದ್ದ ಇದೊಂದಕ್ಕೆ, ಸಿಗಲಿಲ್ಲವಲ್ಲ, ಮತ್ತೇನು ಎಂದು ಬಿಟ್ಟಿದ್ದೆ.

ಅಂಕಿ ತಿದ್ದಿ ಓಡಿಸಿದೆ. ಸಿಗಬೇಡ, ದಮ್ಮಯ್ಯ, ಸಿಗಬೇಡ ಎಂದು ಪರದೆಯನ್ನು ಬೇಡಿಕೊಂಡೆ.

ಕೆಂಪು. ಮತ್ತೊಮ್ಮೆ ಓಡಿಸಿದೆ. ಕೆಂಪು. ಕೊನೆಗೆ ನನ್ನ ಫೋನಿನಿಂದಲೇ ಪ್ರಯತ್ನಿಸಿದೆ. ಪಾಸ್‌ವರ್ಡ್ ಕೂಡ ಕೇಳದೆ ತೆರೆದುಕೊಂಡಿತು.

ಮ್ಯಾನೇಜರ್ ಬಳಿ ಓಡಿದೆ. "ಸರ್, ಜೋಡಿಸೋದು ನಿಲ್ಲಿಸ್ಬೇಕು. ಸರ್ವರ್ ಹೊರಗಿನವರಿಗೂ ಸಿಗ್ತಿದೆ."

"ಈಗ ಹೇಳ್ತೀಯೇನಮ್ಮಾ? ನಮ್ಮ ಹುಡುಗರು ಆಗ್ಲೇ ವಾರ್ಡಲ್ಲಿದಾರೆ. ಬೆಳಿಗ್ಗೆ ಹಸಿರಿತ್ತಲ್ಲ?"

"ಸುಳ್ಳು ಹಸಿರು ಸರ್. ತಪ್ಪು ನಂದೇ."

"ಮೂರು ತಿಂಗಳಿಂದ ಕತ್ತೆ ಕಾಯ್ತಿದ್ಯಾ?"

"ಹೌದು ಸರ್. ಬೇಕಾದ್ರೆ ಕೆಲಸದಿಂದ ತೆಗೀರಿ. ಇವತ್ತು ಮಾತ್ರ ಜೋಡಿಸ್ಬೇಡಿ."

"ಸೋಮವಾರ ಸರಿ ಮಾಡಿದ್ರಾಯ್ತು. ಎರಡು ದಿನದಲ್ಲಿ ಆಕಾಶ ಬಿದ್ದೋಗುತ್ತಾ?"

ಅವರೆದುರೇ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಪಂಪಿಗೆ ಕೇಬಲ್ ಹಾಕೋಕೆ ಬಿಡ್ಬೇಡ."

"ಯಾಕೇ? ನಿನ್ನ ಹಸಿರು?"

"ಸುಳ್ಳಾಗಿತ್ತು ಅಕ್ಕಾ."

ಮರುಕ್ಷಣವೇ ಅವಳು ನನಗಲ್ಲದೆ ಬೇರೆ ಯಾರಿಗೋ ಗದರಿದ್ದು ಕೇಳಿಸಿತು: "ರೀ, ಕೈ ತೆಗೀರಿ ಅಲ್ಲಿಂದ! ತೆಗೀರಿ ಅಂದೆ!"

ಮ್ಯಾನೇಜರ್ ಕೈ ಚಾಚಿದರು. ಕೊರಳಲ್ಲಿದ್ದ ಗುರುತಿನ ಕಾರ್ಡು ತೆಗೆದುಕೊಟ್ಟು ಹೊರಬಿದ್ದೆ.

ಮೆಟ್ಟಿಲಿಳಿಯುತ್ತ ಅರ್ಧದಲ್ಲೇ ನಿಂತೆ. ತಿದ್ದಿದ ಅಂಕಿಯನ್ನು ದಿನವೂ ಓಡುವ ಟೆಸ್ಟಿನಲ್ಲೂ ಸೇವ್ ಮಾಡಿದೆನೋ ಇಲ್ಲವೋ? ಮಾಡದಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಹಸಿರು. ಆ ಹಸಿರು ತೋರಿಸಿ ಜೋಡಿಸಿಯೇಬಿಡುತ್ತಾರೆ. ಏದುಸಿರು ಬಿಡುತ್ತ ಹಿಂದಕ್ಕೆ ಓಡಿದೆ. ಕಾರ್ಡಿಲ್ಲದೆ ಆಫೀಸಿನ ಗಾಜಿನ ಬಾಗಿಲು ತೆರೆಯುವುದಿಲ್ಲ.

ಎರಡೂ ಕೈಯಿಂದ ಬಡಿಯತೊಡಗಿದೆ. ಒಳಗೆ ಎಲ್ಲರೂ ಇದ್ದರು.