ಹೆಸರಿಲ್ಲದ ಗುಳಿಗೆ

2025ರ ಆಗಸ್ಟ್ 19, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಬಸವಕಲ್ಯಾಣದ ತವರುಮನೆಯ ಪಡಸಾಲೆಯಲ್ಲಿ ಭುವನೇಶ್ವರಿ ಅಪ್ಪನ ಬಲ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಉಬ್ಬುವುದನ್ನೇ ಕಾಯುತ್ತಿದ್ದಳು.

"ಮುಷ್ಟಿ ಬಿಗಿ ಹಿಡಿ ಅಪ್ಪಾ."

"ಹಿಡದೀನಲ್ಲ. ಹ್ವಾದ ವಾರನೇ ಶುಗರ್ ನೋಡಿದ್ದಿ. ಮತ್ಯಾಕ?"

"ಅವತ್ತಿಂದು ಸರಿ ಬಂದಿಲ್ಲ."

ಹದಿನಾಲ್ಕು ವರ್ಷಗಳಿಂದ ಹುಮನಾಬಾದಿನ ಒಂದು ಪ್ರಯೋಗಾಲಯದಲ್ಲಿ ಜನರ ರಕ್ತ ಪರೀಕ್ಷಿಸುತ್ತ ಬಂದವಳು ಅವಳು. ರೋಗಿಗೆ ಇಲ್ಲಿಯವರೆಗೆ ಸುಳ್ಳು ಹೇಳಿರಲಿಲ್ಲ. ಕೊಳವೆ ತುಂಬಿದ ಮೇಲೆ ಅದರ ಚೀಟಿಯಲ್ಲಿ ದಿನಾಂಕ ಬರೆದಳು, ಗಂಟೆ ಬರೆದಳು. ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಅಪ್ಪನ ಹೆಸರು ಮಹಾರುದ್ರಪ್ಪ. ಅವಳು ಬರೆದದ್ದು ಅವ್ವನ ಹೆಸರು, ಸುಂದರಬಾಯಿ.

ಮೇ ತಿಂಗಳ ಎರಡನೆಯ ವಾರ ಮಹಾರುದ್ರಪ್ಪನವರಿಗೆ ಲಕ್ವಾ ಹೊಡೆದಿತ್ತು. ಗಂಜ್ ಮಾರುಕಟ್ಟೆಯಲ್ಲಿ ತೊಗರಿಯ ಚೀಲಕ್ಕೆ ಕೈ ಹಾಕಿದವರು ಹಿಡಿ ತೊಗರಿಯನ್ನು ಮೇಲೆತ್ತಲಾರದೆ ನಿಂತುಬಿಟ್ಟಿದ್ದರು. ಮೂರೂವರೆ ತಾಸಿನಲ್ಲಿ ಅವರನ್ನು ಹೈದರಾಬಾದಿನ ಆಸ್ಪತ್ರೆಗೆ ಮುಟ್ಟಿಸಿದ್ದರಿಂದ ಕಾಲು ಉಳಿಯಿತು, ಮಾತು ಉಳಿಯಿತು. ಎಡಗೈ ಮಾತ್ರ ಇನ್ನೂ ಅರ್ಧ ನಿದ್ದೆಯಲ್ಲಿತ್ತು. ಆ ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಸೇರಿದ ರೋಗಿಗಳಲ್ಲಿ ಅರ್ಧ ಜನರಿಗೆ ಉರಿಯೂತ ಅಂದರೆ ಒಳಬಾವು ಇಳಿಸುವ ಔಷಧ, ಉಳಿದರ್ಧ ಜನರಿಗೆ ನೋಡಲು ಅದರಂತೆಯೇ ಇರುವ ಖಾಲಿ ಗುಳಿಗೆ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ. ಬಿಳಿ ಡಬ್ಬಿಯ ಮೇಲೆ ಔಷಧದ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ.

ಸಹಿ ಹಾಕುವ ಮುಂಚೆ ಅಪ್ಪ ಅವಳನ್ನು ಕೇಳಿದ್ದರು, "ಒಳಬಾವು ಅಂದ್ರ ಏನವ್ವಾ? ನನಗ ಎಲ್ಲಿ ಬಾತದ?"

"ಬಣವಿಗಿ ಬೆಂಕಿ ಹತ್ತಿದ್ರ ಊರ ಮಂದಿ ಆರಸಾಕ ಓಡಿ ಬರ್ತದಲ್ಲ, ಆರಸೋ ಭರದಾಗ ಬಾಜೂ ಹೊಲದಾಗ ನಿಂತ ಬೆಳೀನೂ ತುಳದು ಹಾಳ ಮಾಡ್ತದ. ತಲ್ಯಾಗ ಹಂಗೇ ಆಗ್ತದಪ್ಪಾ. ಸತ್ತಿದ್ದು ತಗ್ಯಾಕ ಬಂದ ರಕ್ತದ ಕಣ ಬದುಕಿದ್ದಕ್ಕೂ ಧಕ್ಕಿ ಮಾಡ್ತಾವ. ನರದ ಗ್ವಾಡಿ ಒಳಗ ಕೆಂಡ ಉಳದ್ರ ಮತ್ತೊಮ್ಮಿ ಹೊಡೀಬಹುದು. ಈ ಗುಳಿಗಿ ಆ ಮಂದಿಗಿ ಸಾವಕಾಶ ನಡೀರಿ ಅಂತದ."

"ಹಂಗಾದ್ರ ಪೊಲೀಸ ಇದ್ದಂಗ."

"ಖರೇ ಪೊಲೀಸ ಇರಬಹುದು, ಬೆದರಗೊಂಬಿ ಭಿ ಇರಬಹುದು. ಅದು ಗೊತ್ತಾಗಂಗಿಲ್ಲ."

ಅಪ್ಪ ನಕ್ಕು ಸಹಿ ಹಾಕಿದ್ದರು. ಅವರಿಗೆ ಸಾಕಾಯಿತು, ಅವಳಿಗೆ ಸಾಕಾಗಲಿಲ್ಲ. 'ಮತ್ತೊಮ್ಮೆ ಹೊಡೆಯಬಹುದು' ಎಂದು ತಾನೇ ಆಡಿದ ಮಾತು ಮೂರು ತಿಂಗಳಿಂದ ಅವಳ ಹಿಂದೆಯೇ ಓಡಾಡುತ್ತಿತ್ತು. ಅಪ್ಪ ಫೋನ್ ಎತ್ತುವುದು ತಡವಾದರೆ ಅವ್ವನಿಗೆ ಫೋನ್ ಮಾಡುತ್ತಿದ್ದಳು. ಅವರು ನಗುವಾಗ ತುಟಿಯ ಎರಡೂ ಕೊನೆ ಸಮನಾಗಿ ಏಳುತ್ತವೆಯೇ ಎಂದು ಅಳೆಯುತ್ತಿದ್ದಳು. ಡಬ್ಬಿಯಲ್ಲಿರುವುದು ಔಷಧವೋ ಅಲ್ಲವೋ ಎಂದು ತಿಳಿಯುವ ದಾರಿ ಅವಳ ಕೈಯಲ್ಲೇ ಇತ್ತು. ಸಿ.ಆರ್.ಪಿ. ಎಂಬ ಒಂದು ಪರೀಕ್ಷೆ ದೇಹದಲ್ಲಿ ಉರಿಯೂತ ಎಷ್ಟಿದೆ ಎಂದು ಹೇಳುತ್ತದೆ. ಎರಡಕ್ಕಿಂತ ಕೆಳಗಿದ್ದರೆ ಚಿಂತೆ ಕಡಿಮೆ. ಅಪ್ಪನದು ಅಧ್ಯಯನ ಸೇರುವಾಗ 7.1 ಇತ್ತು. ಅಧ್ಯಯನ ಮುಗಿಯುವವರೆಗೆ ಹೊರಗೆ ಎಲ್ಲೂ ಆ ಪರೀಕ್ಷೆ ಮಾಡಿಸಬಾರದು ಎಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಕೊಳವೆಯನ್ನು ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡು ಬಸ್ ಹಿಡಿದಳು. ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಬಸ್ಸು ಹೆದ್ದಾರಿಗೆ ಹೊರಳಿತು. ಮಳೆ ಬಿಟ್ಟ ಹೊಲಗಳಲ್ಲಿ ಸೋಯಾ ಹಸಿರಾಗಿತ್ತು. ಅವಳು ನೋಡಲಿಲ್ಲ.

ಒಂಬತ್ತೂವರೆಗೆ ಯಂತ್ರ ಅಂಕಿ ಕೊಟ್ಟಿತು: 6.8.

"ಯಾರದಕ್ಕಾ ಇದು?" ಜೊತೆಗೆ ಕೆಲಸ ಮಾಡುವ ಸ್ನೇಹಲ ಹೆಗಲ ಮೇಲಿಂದ ಬಗ್ಗಿ ನೋಡಿದಳು. ದುಬಲಗುಂಡಿಯಿಂದ ದಿನಾ ಬಸ್ಸಿಗೆ ಬರುವ ಇಪ್ಪತ್ತಾರರ ಹುಡುಗಿ. ಅವಳ ಕಣ್ಣು ತಪ್ಪಿಸುವುದು ಕಷ್ಟ. "ಸುಂದರಬಾಯಿ ಅಂತ ಬರದೀರಿ. ನಿಮ್ಮ ಅವ್ವಗ ಏನಾಗ್ಯಾದ?"

ಭುವನೇಶ್ವರಿ ಚೀಟಿಯನ್ನು ಅಂಗೈಯಿಂದ ಮುಚ್ಚಿದಳು. ಸ್ನೇಹಲಳಿಗೆ ಅಷ್ಟೇ ಸಾಕಾಯಿತು.

"ಅಪ್ಪಾಂದು ತಂದೀರಿ. ಹೌದಿಲ್ಲ?"

"ಖಾಲಿ ಗುಳಿಗಿ ಅದ ಸ್ನೇಹಲ. ಮೂರು ತಿಂಗಳು ಏನೂ ಇಳದಿಲ್ಲ. ದಿನಾ ನಂಬಕೊಂಡು ತಗೊಳಾಕತ್ಯಾರ."

"ಒಂದು ಅಂಕಿ ಹಿಡಕೊಂಡು ಏನ್ ಹೇಳಾಕ ಬರ್ತದ್ರಿ? ಹಲ್ಲು ಬಾತ್ರೂ ಏರ್ತದ, ನೆಗಡಿ ಬಂದ್ರೂ ಏರ್ತದ. ಮತ್ತ ಆ ಔಷಧ ಖರೇ ಉಪಯೋಗ ಅದೋ ಇಲ್ಲೋ ಅಂತ ನೋಡಾಕೇ ಅಲ್ಲೇನು ಅವ್ರು ಇಷ್ಟು ಮಂದಿಗಿ ಕೊಟ್ಟಿದ್ದು? ನೀವೇ ನನಗ ಕಲಿಸಿದ್ದು ಇದು."

"ಕಲಿಸುವಾಗ ನಮ್ಮಪ್ಪಗ ಲಕ್ವಾ ಹೊಡದಿದ್ದಿಲ್ಲ."

ಮಧ್ಯಾಹ್ನ ಊಟ ಬಿಟ್ಟು ಅವಳು ಔಷಧದ ಅಂಗಡಿಗೆ ಹೋದಳು. ಅಧ್ಯಯನದ ಔಷಧ ಹೊಸದೇನಲ್ಲ. ಕೀಲುಬಾವಿಗೆ ಹಿಂದಿನಿಂದಲೂ ಕೊಡುತ್ತ ಬಂದದ್ದೇ. ಅತ್ತೆಯ ಕಾಲುಬೆರಳು ಬಾತಿದೆ ಎಂದು ಆ ದಿನದ ಇನ್ನೊಂದು ಸುಳ್ಳು ಹೇಳಿ ಒಂದು ಪಟ್ಟಿ ಗುಳಿಗೆ ತಂದಳು. ಅದನ್ನು ಕಂಡ ಸ್ನೇಹಲ ಕೈಗವಸು ಕಳಚುತ್ತ, "ಡಾಕ್ಟರ್ ಯಾವಾಗ ಆದ್ರಿ ಅಕ್ಕಾ? ಪೇಢಾನೂ ಹಂಚಿಲ್ಲ" ಎಂದಳು.

ಸಂಜೆ ಐದೂವರೆಗೆ ಬಸವಕಲ್ಯಾಣದಲ್ಲಿ ಇಳಿದಳು. ಈ ಗುಳಿಗೆಯನ್ನು ಅಪ್ಪನಿಗೆ ಏನೆಂದು ಹೇಳಿ ಕೊಡುವುದು? ಶಕ್ತಿಯ ಗುಳಿಗೆ ಎನ್ನಲೇ? ಮನೆಯಲ್ಲಿ ಅಪ್ಪ ಇರಲಿಲ್ಲ.

"ಕರೀಂನ ಅಂಗಡಿಗಿ ಹೋಗ್ಯಾರ. ಬಿಳಿ ಡಬ್ಬಿ ಕಿಸೆದಾಗ ಇಟಗೊಂಡು ಹ್ವಾದ್ರು. ಅಲ್ಲೇ ಚಾದ ಮ್ಯಾಲ ತಗೋತಾರಂತ, ದಿನಾ" ಎಂದಳು ಅವ್ವ.

ಅಬ್ದುಲ್ ಕರೀಂ ಅಪ್ಪನಿಗೆ ನಲವತ್ತು ವರ್ಷದ ಗೆಳೆಯ, ದರ್ಜಿ. ಮೇ ಕೊನೆಗೆ ಅವನಿಗೂ ಲಕ್ವಾ ಹೊಡೆದಿತ್ತು, ಬಲಗೈಗೆ. ಮನೆಯವರು ಮೊದಲು ಎಣ್ಣೆ ತಿಕ್ಕುವವನ ಹತ್ತಿರ ಒಯ್ದು ಒಂಬತ್ತು ದಿನ ಕಳೆದರು. ಆಸ್ಪತ್ರೆ ಮುಟ್ಟಿದಾಗ, ವಾರದೊಳಗೆ ಬಂದವರನ್ನು ಮಾತ್ರ ಅಧ್ಯಯನಕ್ಕೆ ಸೇರಿಸುತ್ತೇವೆ ಎಂದು ಹಿಂದೆ ಕಳಿಸಿದ್ದರು. ಅವನ ರಕ್ತವನ್ನು ಜೂನ್‌ನಲ್ಲಿ ಭುವನೇಶ್ವರಿಯೇ ಪರೀಕ್ಷಿಸಿದ್ದಳು. ಸಿ.ಆರ್.ಪಿ. 8.2. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಆಗಲೇ ಸೋತಿತ್ತು.

ಅಂಗಡಿಯ ಮೆಟ್ಟಿಲಿಗೆ ಬಂದಾಗ ಒಳಗಿನ ಮಾತು ಕೇಳಿಸಿತು.

"ನುಂಗು ಲಗೂ. ಚಾ ಆರಾಕತ್ತದ."

"ನಿಂದೇನು ದಿನಾ ಜುಲುಮಿ ಮಾರುದ್ರಪ್ಪಾ? ಎರಡು ವಾರ ಆಯ್ತು, ಹೊಟ್ಟಿ ನಿಲ್ಲವಲ್ದು. ಮನ್ಯಾಗ ಖುರ್ಷೀದ್ ದಾಳಿಂಬ್ರಿ ಸಿಪ್ಪಿ ಕುದಿಸಿ ಕುಡಿಸಿ ಸಾಕಾಗ್ಯಾಳ."

"ನೀ ಖೀಮಾ ತಿಂದೀ, ಗುಳಿಗಿಗಿ ಹೆಸರು ಇಡ್ತಿ."

ಭುವನೇಶ್ವರಿ ಪರದೆ ಸರಿಸಿದಳು. ಅಪ್ಪನ ಬಲಗೈಯಲ್ಲಿ ಸಂಖ್ಯೆಯ ಡಬ್ಬಿ. ಕರೀಂನ ಅಂಗೈಯಲ್ಲಿ ಒಂದು ಬಿಳಿ ಗುಳಿಗೆ. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಒಂದು ಜುಬ್ಬಾ ಬಿದ್ದಿತ್ತು.

"ಚಾಚಾ, ಅದು ಬಾಯಾಗ ಹಾಕಬ್ಯಾಡ್ರಿ. ಇಲ್ಲಿ ಕೊಡ್ರಿ."

"ಯಾಕ ಬೇಟಿ? ನಿಮ್ಮಪ್ಪಂದೇ. ಆಸ್ಪತ್ರ್ಯಾಗ ತಾಕತ್ತಿಂದು ಹೆಚ್ಚಿಗಿ ಕೊಟ್ಟಾರ, ಮನ್ಯಾಗ ಬಿದ್ದು ಹಾಳಾಗ್ತದ ಅಂದಾ."

ಅವಳು ಅಪ್ಪನ ಕಡೆ ತಿರುಗಿದಳು. "ಎಷ್ಟು ದಿನದಿಂದ?"

"ಜೂನ್ ಹನ್ನೆರಡರಿಂದ."

"ನೀ ಎಷ್ಟು ತಗೊಂಡೀ?"

ಮಹಾರುದ್ರಪ್ಪ ಡಬ್ಬಿಯ ಮುಚ್ಚಳವನ್ನು ಬಲಗೈ ಹೆಬ್ಬೆರಳಿನಿಂದ ಒತ್ತುತ್ತ ಕೂತರು. "ನನಗ ಬ್ಯಾರೇ ಐದು ಗುಳಿಗಿ ಅವಲ್ಲ, ರಕ್ತ ತೆಳ್ಳಗ ಮಾಡೋದು, ಬಿ.ಪಿ.ದು... ಅವು ಒಂದೂ ಬಿಟ್ಟಿಲ್ಲ. ಇದೊಂದು ಖಾಲಿ ಇದ್ರೂ ಇರಬಹುದಂತ ನೀನೇ ಹೇಳ್ದಿ. ಖಾಲಿ ಇದ್ರ ಕೊಟ್ಟವಗ ಲುಕ್ಸಾನ ಇಲ್ಲ. ಖರೇ ಇದ್ರ..." ಅವರು ಕರೀಂನ ಬಲಗೈಯತ್ತ ಗದ್ದ ಚಾಚಿದರು. "ನಂದು ಎಡಗೈ. ಹ್ವಾದ್ರ ಏನ್ ಹೋಯ್ತು? ಅವಂದು ಕತ್ರಿ ಹಿಡಿಯೋ ಕೈ. ವಾರದ ಹಿಂದ ತಾನೇ ಸೂಜ್ಯಾಗ ದಾರ ಪೋಣಸ್ಯಾನ. ಕೇಳು ಬೇಕಾರ."

"ಅದು ಪ್ರಸಾದ ಅಲ್ಲಪ್ಪಾ, ಹಂಚಿ ತಿನ್ನಾಕ!"

"ನಮ್ಮ ಮನ್ಯಾಗ ಬಾಜೂ ಕೂತವನ್ನ ಬಿಟ್ಟು ಒಬ್ಬರೇ ಉಂಡದ್ದು ನೀ ನೋಡೀ ಏನು?"

ಕರೀಂ ಎದ್ದು ನಿಂತಿದ್ದ. "ನಿಂದು ಔಷಧ ನನಗ ಕೊಟ್ಟೀ? ನಾಳೆ ನಿನಗ ಮತ್ತ ಹೊಡದ್ರ ನಾ ಸುಂದರಬಾಯಿಗಿ ಮಾರಿ ಹ್ಯಾಂಗ ತೋರಸ್ಲಿ? ಹುಚ್ಚ ಏನಲೇ ನೀ?"

"ಕೂಡು, ಬಿ.ಪಿ. ಏರ್ತದ."

"ಏರ್ಲಿ! ಅದಕ್ಕಭಿ ನಿಂದೇ ಒಂದು ಗುಳಿಗಿ ಕೊಡು!"

ಭುವನೇಶ್ವರಿಗೆ ನಗು ಬರಲಿಲ್ಲ. ಅಪ್ಪ ಎರಡು ತಿಂಗಳಿಂದ ಆ ಗುಳಿಗೆ ನುಂಗಿಯೇ ಇರದ ಮೇಲೆ, ಬೆಳಗಿನ 6.8 ಆ ಡಬ್ಬಿಯ ಬಗ್ಗೆ ಏನೂ ಹೇಳಿರಲಿಲ್ಲ. ಡಬ್ಬಿಯ ಬಗ್ಗೆ ಏನಾದರೂ ಹೇಳುತ್ತಿದ್ದುದು ಎರಡು ವಾರದಿಂದ ಕೆಟ್ಟ ಕರೀಂನ ಹೊಟ್ಟೆ. ಆ ಔಷಧ ಹೊಟ್ಟೆ ಕೆಡಿಸುತ್ತದೆ ಎಂದು ಅವಳು ಓದಿದ್ದಳು. ಮೂತ್ರಪಿಂಡ ಸೋತವರ ಮೈಯಲ್ಲಿ ಅದು ಹೊರಹೋಗದೆ ದಿನದಿನಕ್ಕೆ ಕೂಡುತ್ತದೆ, ಸ್ನಾಯುಗಳನ್ನು ಕೆಡಿಸುತ್ತದೆ, ಮಿತಿ ಮೀರಿದರೆ ಜೀವಕ್ಕೇ ಬರುತ್ತದೆ ಎಂದೂ ಓದಿದ್ದಳು.

"ಚಾಚಾ, ಮೆಟ್ಟಿಲು ಏರುವಾಗ ತೊಡಿ ಸೋಲ್ತಾವೇನು?"

ಕರೀಂ ಕೂತ. "ನಾಕು ದಿನ ಆಯ್ತು. ವಯಸ್ಸು ಅಂದ್ಕೊಂಡೆ."

ಅವಳು ಮೆಟ್ಟಿಲಿಗೆ ಬಂದು ಫೋನ್ ತೆಗೆದಳು. ಅಧ್ಯಯನದ ನರ್ಸಿನ ಸಂಖ್ಯೆ ಮೂರು ತಿಂಗಳಿಂದ ಅದರಲ್ಲಿತ್ತು. ಒತ್ತಿದರೆ ಅಪ್ಪನ ಡಬ್ಬಿ ಹೋಗುತ್ತದೆ. ಅದರಲ್ಲಿ ಇದ್ದದ್ದು ನಿಜವಾದ ಔಷಧವಾಗಿದ್ದರೂ ಹೋಗುತ್ತದೆ. ಒತ್ತದಿದ್ದರೆ ಯಾರಿಗೂ ತಿಳಿಯುವುದಿಲ್ಲ: ಕರೀಂಗೆ ನಿಲ್ಲಿಸಿ ಎನ್ನಬಹುದು, ಅಪ್ಪನಿಗೆ ನಾಳೆಯಿಂದ ತಾನೇ ಎದುರು ನಿಂತು ನುಂಗಿಸಬಹುದು. ಆದರೆ ಕರೀಂನ ಮೈಯಲ್ಲಿ ಏನು ಕೂಡಿದೆ ಎಂದು ಚಿಕಿತ್ಸೆ ಕೊಡುವವರಿಗೆ ಯಾರು ಹೇಳಬೇಕು? ರಸ್ತೆಯಲ್ಲಿ ಒಂದು ಟಂಟಂ ಆಟೋ ಹಾರ್ನ್ ಹೊಡೆಯುತ್ತ ಹೋಯಿತು. ಅದು ತಿರುವು ದಾಟುವವರೆಗೆ ನಿಂತಿದ್ದು ಒತ್ತಿದಳು.

ಅತ್ತ ಕಡೆಯಿಂದ ಮೊದಲು ನರ್ಸ್, ಆಮೇಲೆ ಡಾಕ್ಟರ್ ಮಾತಾಡಿದರು. ಅವಳು ಎಲ್ಲವನ್ನೂ ಹೇಳಿದಳು. ಜೂನ್ ಹನ್ನೆರಡು ಹೇಳಿದಳು, ಹೊಟ್ಟೆ, ತೊಡೆ, ಮೂತ್ರಪಿಂಡ ಹೇಳಿದಳು. ಬೆಳಿಗ್ಗೆ ಕದ್ದು ಮಾಡಿದ ಪರೀಕ್ಷೆಯನ್ನೂ ಚೀಲದಲ್ಲಿದ್ದ ಗುಳಿಗೆಯ ಪಟ್ಟಿಯನ್ನೂ ಬಿಡಲಿಲ್ಲ. ಡಾಕ್ಟರ್ ಬಯ್ಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಇಬ್ಬರಿಗೂ ಡಬ್ಬಿ ಬಂದ್, ಪಟ್ಟಿಯ ಗುಳಿಗೆಯನ್ನೂ ಮುಟ್ಟಬೇಡಿ, ಕರೀಂ ಅವರನ್ನು ಈಗಲೇ ಊರಿನ ಆಸ್ಪತ್ರೆಗೆ ಸೇರಿಸಿ, ಅಲ್ಲಿನ ಡಾಕ್ಟರಿಗೆ ನಾನೇ ಮಾತಾಡುತ್ತೇನೆ, ಡಬ್ಬಿಯ ಗುಟ್ಟು ಒಡೆಯಲು ಸಮಿತಿಯನ್ನು ಇಂದೇ ಕೇಳುತ್ತೇನೆ ಎಂದರು. ಕೊನೆಗೆ, "ಅಪ್ಪಾರನ್ನ ಅಧ್ಯಯನದಿಂದ ಹೊರಗ ತಗೀಬೇಕಾಗ್ತದಮ್ಮಾ" ಎಂದರು.

"ಗೊತ್ತದ್ರಿ ಸರ್" ಎಂದಳು.

ಆ ರಾತ್ರಿ ಕರೀಂಗೆ ಸಲಾಯಿನ್ ಹಚ್ಚಿದರು. ಊರಿನ ಆಸ್ಪತ್ರೆಯ ವೈದ್ಯರು ತೆಗೆದುಕೊಟ್ಟ ರಕ್ತದ ಕೊಳವೆಗಳನ್ನು ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳೇ ಹುಮನಾಬಾದಿಗೆ ಒಯ್ದಳು. ಹೊರಡುವ ಮುಂಚೆ ವಾರ್ಡಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಅಪ್ಪ ಕರೀಂನ ಮಂಚದ ಅಂಚಿಗೆ ಕೂತಿದ್ದರು. ನಡುವೆ ಒಂದು ಬಾಳೆಹಣ್ಣು. ಅಪ್ಪನ ಬಲಗೈ ಅದನ್ನು ಹಿಡಿದಿತ್ತು, ಕರೀಂನ ಎಡಗೈ ಸಿಪ್ಪೆ ಸುಲಿಯುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಜಗಳ ಇನ್ನೂ ಮುಗಿದಿರಲಿಲ್ಲ.

ಈ ಸಲ ಚೀಟಿಯ ಮೇಲೆ ಸರಿಯಾದ ಹೆಸರಿತ್ತು. ಡಾಕ್ಟರ್ ಕೇಳಿದ್ದು ಮೂತ್ರಪಿಂಡ, ಸ್ನಾಯು, ರಕ್ತಕಣಗಳ ಪರೀಕ್ಷೆ. ಭುವನೇಶ್ವರಿ ಅವನ್ನು ಹಚ್ಚಿ, ಪರದೆಯ ಮೇಲಿನ ಇನ್ನೊಂದು ಚೌಕದತ್ತ, ಡಾಕ್ಟರ್ ಕೇಳದ ಸಿ.ಆರ್.ಪಿ.ಯತ್ತ, ನೋಡುತ್ತ ನಿಂತಳು. ಜೂನ್‌ನಲ್ಲಿ ಕರೀಂನದು 8.2 ಇತ್ತು. ಪಕ್ಕದಲ್ಲಿದ್ದ ಸ್ನೇಹಲ ನೆಲ ಒರೆಸುವವಳನ್ನು ಕರೆಯುವ ನೆಪ ಮಾಡಿ ಹೊರಗೆ ಹೋದಳು. ಭುವನೇಶ್ವರಿ ಆ ಚೌಕವನ್ನೂ ಒತ್ತಿದಳು.

ಫೋನ್ ನಡುಗಿತು. ಅಪ್ಪ.

"ಏನ್ ಬಂತವ್ವಾ ಕರೀಂದು?"

"ಕಿಡ್ನಿ ಹ್ವಾದ ಸಲದಂಗೇ ಅದ. ಹೆಚ್ಚು ಕೆಟ್ಟಿಲ್ಲ. ಸ್ನಾಯುಂದು ಸ್ವಲ್ಪ ಏರ್ಯಾದ, ಗುಳಿಗಿ ಬಿಟ್ರ ಇಳೀತದ."

"ಮತ್ತ? ಪೊಲೀಸ ಇತ್ತೋ, ಬೆದರಗೊಂಬಿ ಇತ್ತೋ?"

"ಅದಿನ್ನೂ ಮಷೀನ್‌ನಾಗ ಅದಪ್ಪಾ."

"ಹೂಂ. ಫೋನ್ ಹಿಡದೀನಿ, ನೋಡು."

ಅವರ ಉಸಿರು ಫೋನಿನಲ್ಲಿ ಕೇಳುತ್ತಲೇ ಇತ್ತು. ಹಿಂದೆ ಎಲ್ಲೋ ಕರೀಂ ಕೆಮ್ಮಿದ. ಯಂತ್ರದೊಳಗೆ ತಟ್ಟೆ ತಿರುಗಿ ನಿಂತಿತು, ಕಾಗದ ಒಂದು ಬೆರಳಿನಷ್ಟು ಹೊರಬಂತು. ಅವಳು ಅದನ್ನು ಹರಿದು ಬೆಳಕಿಗೆ ಹಿಡಿದಳು.

ಅಬ್ದುಲ್ ಕರೀಂ, ವಯಸ್ಸು 61. ಸಿ.ಆರ್.ಪಿ.: ಲೀಟರಿಗೆ 1.3 ಮಿಲಿಗ್ರಾಂ.