ಬಸುರಿಯ ಬಯಕೆಗೆ ಗೋದಿಯ ಸಾರು

ಪ್ರೇಮವ್ವನಿಗೆ ಐವತ್ತೆಂಟು ತುಂಬಿತ್ತು. ಇಷ್ಟು ವರ್ಷದಲ್ಲಿ ಮಾಂಸ ಇರಲಿ, ತತ್ತಿಯ ಸಿಪ್ಪೆಯೂ ಅವಳ ಹೊಸ್ತಿಲು ದಾಟಿರಲಿಲ್ಲ. ಅಂಥವಳು ಹಾವೇರಿಯ ತನ್ನ ಅಡುಗೆಮನೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಟನ್ ಸಾರಿಗೆ ಸಾಟಿಯಾಗುವಂಥದ್ದು ಏನಿದೆ ಎಂದು ಹುಡುಕುತ್ತ ನಿಂತಿದ್ದಳು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಅದೇ.

ಸೊಸೆ ನೀಲಾ ಕರ್ಜಗಿಯವಳು, ಮಾಂಸ ಉಣ್ಣುವ ಮನೆಯ ಹುಡುಗಿ. ಪ್ರೇಮವ್ವನ ಮಗನನ್ನು ಮೆಚ್ಚಿ ಮದುವೆಯಾದಳು. ತವರಿನವರು "ನಮ್ಮ ಪಾಲಿಗೆ ನೀ ಇಲ್ಲ" ಎಂದು ಬಾಗಿಲು ಮುಚ್ಚಿದರು. ಇತ್ತ ಪ್ರೇಮವ್ವ, ಮನೆ ತುಂಬಿಸಿಕೊಂಡ ದಿನವೇ, "ಇನ್ನ ಮ್ಯಾಲ ಮಟನ್ ಮುಟ್ಟೂದಿಲ್ಲಂತ ಆಣಿ ಮಾಡು" ಎಂದಳು. ಹುಡುಗಿ ಮಾಡಿದಳು. ಎರಡು ವರ್ಷ ಮಾತು ಉಳಿಸಿಕೊಂಡಳು.

ಈಗ ಅವಳಿಗೆ ಆರು ತಿಂಗಳು. ತಿಂದದ್ದು ನಿಲ್ಲುವುದಿಲ್ಲ, ಬೇಳೆ ಕಂಡರೆ ಓಕರಿಕೆ. "ಕೂಸು ಬೆಳದಿಲ್ಲರಿ, ಹೊಟ್ಟಿಗೆ ಪ್ರೋಟೀನ್ ಹೋಗಬೇಕು. ಹದಿನೈದು ದಿನ ಬಿಟ್ಟು ಕರಕೊಂಡು ಬರ್ರಿ" ಎಂದಿದ್ದರು ಡಾಕ್ಟರಮ್ಮ. ಏನು ತಿನ್ನುವ ಆಸೆ ಎಂದು ಕೇಳಿ ಕೇಳಿ ಸಾಕಾದ ಮೇಲೆ ನೀಲಾ ಗೋಡೆಯ ಕಡೆ ಹೊರಳಿ, "ನಮ್ಮವ್ವ ಮಾಡೂ ಮಟನ್ ಸಾರು. ಬ್ಯಾಡ ಬಿಡ್ರಿ ಅತ್ತಿ, ಸುಮ್ನ ಅಂದೆ" ಎಂದಳು.

ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದು ಪ್ರೇಮವ್ವನ ನಂಬಿಕೆ. ಅವಳು ಎದ್ದು ಗಂಡನ ಮುಂದೆ ಹೋಗಿ ನಿಂತಳು.

"ಖಾನಾವಳಿಯಿಂದ ತರಸೂಣು. ದೇವರು ಒಂದಿನ ಕಣ್ಣು ಮುಚ್ಕೋತಾನ" ಎಂದ ಗಂಡ ನಾಗಪ್ಪ. ನೀಲಾ ಒಪ್ಪಲಿಲ್ಲ, ಆಣೆ ಎಂದರೆ ಆಣೆ.

"ಅಕಿ ಮಾತೂ ಉಳೀಬೇಕು, ಕೂಸೂ ಬೆಳೀಬೇಕು. ಅದ್ಹೆಂಗ ಆಗೂದಿಲ್ಲ, ನಾನೂ ನೋಡ್ತೀನಿ!" ಎಂದಳು ಪ್ರೇಮವ್ವ.

ಮೊದಲು ಸೋಯಾಬೀನ್ ನೆನೆಹಾಕಿ ರುಬ್ಬಿದಳು. ಹಾಲು ಹಿಂಡಿ ಕುದಿಸಿ, ನಿಂಬೆಹುಳಿ ಬಿಟ್ಟು ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಮೇಲೆ ಗುಂಡುಕಲ್ಲು ಹೇರಿದಳು. ಗಟ್ಟಿಯೇನೋ ಆಯಿತು. ನೀಲಾ ಒಂದು ತುಂಡು ಬಾಯಿಗಿಟ್ಟು, "ಪನೀರ್ ಆಗೇತ್ರಿ" ಎಂದು ತಾಟು ಸರಿಸಿದಳು.

ಮರುದಿನ ರೊಟ್ಟಿ ಬಡಿಯುವಾಗ ಅವಳಿಗೆ ಕುರುಡಿಗೆ ಸಂಡಿಗೆಯ ನೆನಪಾಯಿತು. ಬೇಸಿಗೆಯಲ್ಲಿ ಕುರುಡಿಗೆ ಮಾಡಲು ಗೋದಿ ನೆನೆಸಿ ರುಬ್ಬಿ ಹಾಲು ಹಿಂಡಿದ ಮೇಲೆ ಒಂದು ಜಿಗುಟು ಉಳಿಯುತ್ತದೆ. ಹಲ್ಲಿಗೆ ಸಿಕ್ಕರೆ ಸುಲಭಕ್ಕೆ ಹರಿಯದು. ಅದನ್ನು ವರ್ಷ ವರ್ಷವೂ ಎಮ್ಮೆಗೆ ಹಾಕಿದವಳು ಅವಳೇ.

"ಅಯ್ಯ, ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚ!" ಎಂದು ಹಣೆ ಬಡಿದುಕೊಂಡಳು.

ಗೋದಿಹಿಟ್ಟನ್ನು ಗಟ್ಟಿಯಾಗಿ ನಾದಿ ನೀರಿನಲ್ಲಿ ಮುಳುಗಿಸಿಟ್ಟಳು. ತಾಸು ಬಿಟ್ಟು ಹಿಸುಕಿ ಹಿಸುಕಿ ತೊಳೆದಳು. ಏಳು ನೀರು ಬೆಳ್ಳಗೆ ಹೋದವು, ಎಂಟನೆಯದು ತಿಳಿಯಾಯಿತು. ಉಳಿದ ಮುದ್ದೆಗೆ ಒಂದು ಹಿಡಿ ಸೋಯಾ ಹಿಟ್ಟು ಸೇರಿಸಿ, ಹಬೆಯಲ್ಲಿ ಬೇಯಿಸಿ, ಕೈಯಿಂದ ಹರಿದಳು. ಎಳೆ ಎಳೆಯಾಗಿ ಬಂತು.

ಆದರೆ ರುಚಿ? ಜನ್ಮದಲ್ಲಿ ನಾಲಿಗೆಗೆ ತಾಗದ್ದನ್ನು ಯಾವ ಅಳತೆಯಲ್ಲಿ ಮಾಡುವುದು?

"ಮೂಸಿ ನೋಡು. ನಿನಗ ವಾಂತಿ ಬಂತಂದ್ರ ಬರೋಬರಿ ಆಗೇತಿ ಅಂತ ತಿಳಿ" ಎಂದು ನಾಗಪ್ಪ ಚೇಷ್ಟೆ ಮಾಡಿದ. ಅವನಿಗೆ ಲಟ್ಟಣಿಗೆ ತೋರಿಸಿ ಪ್ರೇಮವ್ವ ಕರ್ಜಗಿಯ ಬಸ್ಸು ಹತ್ತಿದಳು.

ಬೀಗತಿ ಕರಿಯವ್ವ ಬಾಗಿಲಲ್ಲೇ ಇದ್ದಳು. ಇವಳನ್ನು ಕಂಡು ಅವಳ ಮುಖ ಕಪ್ಪಿಟ್ಟಿತು. "ನೀಲಾಗ ಏನಾತ್ರಿ?"

"ಏನೂ ಆಗಿಲ್ಲ, ಬಸುರಿ ಅದಾಳ. ನಿಮ್ಮ ಸಾರಿನ ಖಾರ ಹೆಂಗ ರುಬ್ಬತೀರಿ, ನನಗ ಕಲಿಸ್ರಿ. ಕಲಿಸೂತನ ನಾ ಏಳಂಗಿಲ್ಲ" ಎಂದು ಪ್ರೇಮವ್ವ ಕಟ್ಟೆಯ ಮೇಲೆ ಕುಳಿತೇಬಿಟ್ಟಳು. ಮದುವೆಯ ಮಾತಿಗೆ ಬಂದಾಗ ಇದೇ ಕಟ್ಟೆಯಿಂದ ನೀರು ಸಹ ಕುಡಿಯದೆ ಎದ್ದು ಹೋಗಿದ್ದಳು. ಅದು ನೆನಪಾಗಿ ನಾಚಿಕೆಯಿಂದ ಮೈ ಹಿಡಿಯಾಯಿತು. ಕರಿಯವ್ವ ಒಳಗಿನಿಂದ ನೀರಿನ ತಂಬಿಗೆ ತಂದಿಟ್ಟಳು. ಪ್ರೇಮವ್ವ ಎತ್ತಿ ಗಟಗಟ ಕುಡಿದಳು.

ಆಮೇಲೆ ಇಬ್ಬರೂ ಒಲೆಯ ಮುಂದೆ ಕುಳಿತರು. ಒಣ ಕೊಬ್ಬರಿ ಕೆಂಡದ ಮೇಲೆ ಸುಡಬೇಕು, ಉಳ್ಳಾಗಡ್ಡಿಯೂ ಹಾಗೆಯೇ. ಗಸಗಸೆ, ಲವಂಗ, ಬ್ಯಾಡಗಿ ಮೆಣಸಿನಕಾಯಿ. ಕರಿಯವ್ವ ರುಬ್ಬುತ್ತ ರುಬ್ಬುತ್ತ ಕಣ್ಣೊರೆಸಿಕೊಂಡಳು, ಮೆಣಸಿನಕಾಯಿ ಘಾಟು ಎಂದಳು.

ಮರುದಿನ ಮಧ್ಯಾಹ್ನ ನೀಲಾ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿದಳು. ಒಂದು ತುತ್ತು, ಎರಡು ತುತ್ತು. ರೊಟ್ಟಿ ಮುಗಿಯಿತು, ಇನ್ನೊಂದು ಬಡಿಸಿದ್ದಾಯಿತು. ಓಕರಿಕೆ ಬರಲಿಲ್ಲ.

ಪ್ರೇಮವ್ವನಿಗೆ ತಡೆಯಲಾಗಲಿಲ್ಲ. "ಖರೇ ಹೇಳು. ಮಟನ್ ಹಂಗ ಆಗೇತೇನು?"

"ಇಲ್ಲರಿ ಅತ್ತಿ." ನೀಲಾ ಇನ್ನೊಂದು ತುಂಡು ಜಗಿದು ನುಂಗಿದಳು. ಕೈ ಅಲ್ಲೇ ನಿಂತಿತು. "ಆದ್ರ ಈ ಖಾರ ನಮ್ಮವ್ವನ ಕೈಯಂದು. ಅವ್ವ ಬಂದಿದ್ಲೇನ್ರಿ?"

"ನಾನಽ ಹೋಗಿದ್ದೆ."

ನೀಲಾ ರೊಟ್ಟಿಯ ಚೂರನ್ನು ಸಾರಿನಲ್ಲಿ ಹೊರಳಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ನನ್ನ ಬಗ್ಗೆ ಏನರ ಅಂದ್ಲಾ?"

"ಒಂದಽ ಮಾತು. 'ಉಪ್ಪು ಕಡಿಮಿ ಹಾಕ್ರಿ, ನಮ್ಮ ನೀಲಾ ಸಣ್ಣಾಕಿದ್ದಾಗಿಂದ ಉಪ್ಪು ಕಡಿಮಿ ತಿಂತಾಳ' ಅಂದ್ಲು."

ನಮ್ಮ ನೀಲಾ. ಹುಡುಗಿ ತಾಟಿನ ಮೇಲೆ ಬಾಗಿ ಬಿಕ್ಕಿಬಿಕ್ಕಿ ಅತ್ತಳು. ಪ್ರೇಮವ್ವ ಸೆರಗಿನ ತುದಿಯಿಂದ ಸೊಸೆಯ ಮುಖ ಒರೆಸಿ ಗದರಿದಳು:

"ಸಾಕು ಸುಮ್ಮನಾಗು! ಕಣ್ಣೀರು ಸಾರಿನಾಗ ಬಿದ್ರ ಉಪ್ಪು ಜಾಸ್ತಿ ಆಗತೈತಿ. ಆಮ್ಯಾಲ ನಿಮ್ಮವ್ವಗ ನಾ ಏನ್ ಹೇಳ್ಲಿ?"

ನೀಲಾ ಮೂಗು ಎಳೆದುಕೊಂಡು ತಾಟು ಮುಂದೆ ಚಾಚಿದಳು.