ಗಂಟೆ ಹೊಡೆದಾಗ ಉಳಿದ ಕಥೆ

ಚಾಮರಾಜಪೇಟೆಯ ಹೈಸ್ಕೂಲಿನ ಕಮಿಟಿ ರೂಮಿನ ಹೊರಗೆ ಶೈಲಜಮ್ಮ ಒಳಗಿನ ಕರೆಗೆ ಕಾಯುತ್ತ ಕೂತಿದ್ದಳು. ಐದು ವರ್ಷದಿಂದ ಹಂಗಾಮಿ ಟೀಚರು. ಈ ತಿಂಗಳು ಕಾಯಂ ಆಗಬೇಕಿತ್ತು. ಗಂಡ ತೀರಿಕೊಂಡ ಮೇಲೆ ಅವಳ ಮತ್ತು ಅತ್ತೆಯ ಅನ್ನ ನಿಂತಿದ್ದೇ ಈ ಕೆಲಸದ ಮೇಲೆ. ಈಗ ಅದಕ್ಕೇ ಕಲ್ಲು ಬಿದ್ದಿತ್ತು.

ಮಾಡಿದ ಅಪರಾಧವಾದರೂ ಏನು? ಎಂಟನೇ ಕ್ಲಾಸಿಗೆ ಪುರಾತನ ಯೆಹೂದಿಗಳ ಪಾಠ. ಅವರಲ್ಲಿ ಫರಿಸಾಯರು, ಸದ್ದುಕಾಯರು ಎಂಬ ಪಂಗಡಗಳಿದ್ದವು ಅಂತ ಪುಸ್ತಕದಲ್ಲಿ ಒಂದು ಸಾಲು. ಓದಿ ಮುಂದೆ ಹೋಗಿದ್ದರೆ ಯಾರು ಕೇಳುತ್ತಿದ್ದರು? ಇವಳಿಗೋ ಕಥೆ ಹೇಳುವ ಚಪಲ, ಬೈಬಲಿನ ಕಥೆಯೊಂದನ್ನು ಶುರುಮಾಡಿದಳು. ಸತ್ತವರು ಮತ್ತೆ ಎದ್ದು ಬರುತ್ತಾರೆ ಅನ್ನುವವರು ಫರಿಸಾಯರು, ಸತ್ತ ಮೇಲೆ ಏನೂ ಇಲ್ಲ ಅನ್ನುವವರು ಸದ್ದುಕಾಯರು. ಇಬ್ಬರೂ ಕೂತ ಸಭೆಯ ಮುಂದೆ ಪೌಲನೆಂಬ ಕೈದಿಯನ್ನು ನಿಲ್ಲಿಸಿದರು. ಅವನು, ‘ನಾನು ಫರಿಸಾಯ, ಸತ್ತವರು ಏಳುತ್ತಾರೆಂದು ನಂಬಿದ್ದಕ್ಕೇ ಈ ವಿಚಾರಣೆ’ ಎಂದು ಕೂಗಿಬಿಟ್ಟ. ಸಭೆಯವರು ತಮ್ಮತಮ್ಮಲ್ಲೇ ಕಚ್ಚಾಡಿದರು, ಸಿಪಾಯಿಗಳು ಕೈದಿಯನ್ನು ಬಿಡಿಸಿಕೊಂಡು ಹೋದರು. ಮಕ್ಕಳು ಚಪ್ಪಾಳೆ ತಟ್ಟಿದ್ದರು. ಗಂಟೆ ಹೊಡೆದು ಕಥೆ ಅಲ್ಲಿಗೇ ನಿಂತಿತ್ತು.

ಒಂದು ಹುಡುಗಿ ಮನೆಗೆ ಹೋಗಿ, “ತಾತ, ಅಜ್ಜಿ ಎದ್ದು ಬರ್ತಾರಾ?” ಎಂದು ಕೇಳಿದಳು. ಆ ತಾತ ಶ್ರೀನಿವಾಸಯ್ಯನವರು, ಶಾಲಾ ಕಮಿಟಿಯ ಅಧ್ಯಕ್ಷರು.

ಒಳಗೆ ಕರೆದರು. ಮೇಜಿನ ಒಂದು ಕಡೆ ಶ್ರೀನಿವಾಸಯ್ಯನವರ ಜನ, ಎದುರಿಗೆ ದೊಡ್ಡಬೈರಪ್ಪನವರ ಜನ. ಎಂಬತ್ತೆರಡನೇ ಇಸವಿ, ಊರೆಲ್ಲ ಒಂದೇ ಜಗಳ, ಶಾಲೆಯಲ್ಲಿ ಮೊದಲ ಭಾಷೆ ಸಂಸ್ಕೃತವೋ ಕನ್ನಡವೋ ಎಂದು. ಶ್ರೀನಿವಾಸಯ್ಯನವರು ಸಂಸ್ಕೃತದ ಕಡೆ, ದೊಡ್ಡಬೈರಪ್ಪನವರು ಕನ್ನಡದ ಕಡೆ. ಮೂರು ತಿಂಗಳಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ಇವಳನ್ನು ಮನೆಗೆ ಕಳಿಸುವ ವಿಷಯದಲ್ಲಿ ಮಾತ್ರ, ನೋಡಿ, ಎಷ್ಟು ಚೆನ್ನಾಗಿ ಒಂದಾಗಿದ್ದರು!

“ಮಕ್ಕಳನ್ನ ಮತಾಂತರ ಮಾಡ್ತೀರೇನಮ್ಮಾ?” ಎಂದರು ಶ್ರೀನಿವಾಸಯ್ಯ.

“ಇಲ್ಲ ಸಾರ್, ಪಾಠದಲ್ಲೇ ಇತ್ತು...”

“ಸಾಕು ಬಿಡಿ. ನಾಳೆಯಿಂದ ಬರಬೇಡಿ.”

ದೊಡ್ಡಬೈರಪ್ಪನವರೂ ತಲೆಯಾಡಿಸಿ, ಅವಳನ್ನು ತೆಗೆದುಹಾಕುವ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ಶೈಲಜಮ್ಮ ಶ್ರೀನಿವಾಸಯ್ಯನವರ ಕಡೆ ತಿರುಗಿದಳು. ಮನೆಯಲ್ಲಿ ಅತ್ತೆಗೆ ಏನು ಹೇಳುವುದು? ಭಯಕ್ಕೆ ಬಾಯಿ ತಾನಾಗಿ ತೆರೆಯಿತು.

“ನಿಜ ಹೇಳಿ ಸಾರ್. ಕನ್ನಡಾನೇ ಮೊದಲ ಭಾಷೆ ಆಗ್ಬೇಕು ಅಂತ ಸ್ಟಾಫ್ ರೂಮಲ್ಲಿ ಅಂದಿದ್ನಲ್ಲ, ಅದಕ್ಕೇ ತಾನೇ ಇದೆಲ್ಲ?”

ಸುಳ್ಳೇನಲ್ಲ. ಒಂದು ದಿನ ಟೀ ಕುಡಿಯುತ್ತ ಅಂದಿದ್ದಳು.

“ಓಹೋ! ಹಿಂಗಾ ಸಮಾಚಾರ?” ದೊಡ್ಡಬೈರಪ್ಪ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಆಮೇಲೆ ಯಾರು ಯಾರನ್ನು ಬೈದರೋ ಗೊತ್ತಾಗಲಿಲ್ಲ. ಆ ಕಾಗದ ನಾಲ್ಕು ಚೂರಾಗಿ ನೆಲದ ಮೇಲೆ ಬಿತ್ತು.

ಅಂಗಳದಲ್ಲಿ ದೊಡ್ಡಬೈರಪ್ಪ ಅವಳ ಹತ್ತಿರ ಬಂದರು. “ಹೆದರ್ಕೋಬೇಡಿ ಮೇಡಂ, ಕಾಯಂ ಆರ್ಡರ್ ನಾನು ಮಾಡಿಸ್ತೀನಿ. ಇನ್ಮೇಲೆ ನೀವು ನಮ್ಮೋರು. ಭಾನುವಾರ ಮೆರವಣಿಗೇಲಿ ಬ್ಯಾನರ್ ನೀವೇ ಹಿಡೀಬೇಕು.”

ಗೇಟಿನ ಬಳಿ ಶ್ರೀನಿವಾಸಯ್ಯನವರ ಕಡೆಯವನೊಬ್ಬ ಬೀಡಿ ಸೇದುತ್ತ ನಿಂತಿದ್ದ. “ಮಾವಳ್ಳೀಲಲ್ವೇನಮ್ಮಾ ನಿಮ್ಮನೆ?” ಎಂದು ಮೆತ್ತಗೆ ಕೇಳಿದ. “ನಿಮ್ಮತ್ತೆ ಹಗಲೆಲ್ಲ ಒಬ್ರೇ ಇರ್ತಾರಂತೆ.”

ಅವಳು ಬಸ್‌ಸ್ಟಾಪಿನವರೆಗೂ ಓಡುನಡಿಗೆಯಲ್ಲೇ ಹೋದಳು.

ಮರುದಿನ ಎಂಟನೇ ಕ್ಲಾಸಿನಲ್ಲಿ ಶ್ರೀನಿವಾಸಯ್ಯನವರ ಮೊಮ್ಮಗಳು ಕೈಯೆತ್ತಿದಳು.

“ಮಿಸ್, ಆಮೇಲೆ ಆ ಕೈದಿಗೆ ಏನಾಯ್ತು?”

ಶೈಲಜಮ್ಮನಿಗೆ ಗೊತ್ತಿತ್ತು. ಬೆಳಗಾಗುವಷ್ಟರಲ್ಲಿ ನಲವತ್ತಕ್ಕೂ ಹೆಚ್ಚು ಜನ, ಅವನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟುವುದಿಲ್ಲವೆಂದು ಆಣೆಯಿಟ್ಟಿದ್ದರು.

“ಪುಸ್ತಕದಲ್ಲಿ ಅಷ್ಟೇ ಇರೋದು, ಕೂತ್ಕೋ,” ಎಂದು ಬೋರ್ಡಿನ ಕಡೆ ತಿರುಗಿದಳು. ದಿನಾಂಕ ಬರೆದು, ಕಿಟಕಿಯಾಚೆ ಗೇಟಿನ ಕಡೆ ನೋಡಿದಳು.